ಮಾಂಜರಪಾಟದ ಮೇಲಿನ ಐದು ಹೆಂಗಸರು

ನಮ್ಮೂರು ಬನಹಟ್ಟಿ. ನನ್ನ ತಮ್ಮ ಒಬ್ಬ ಮಾಲಕರ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗ ನಡೆಸುತ್ತಾನೆ. ಅವ್ವ ಅದೇ ಮಾಲಕರಿಗೆ ಮನೆಯಲ್ಲಿ ಕೂತು ಕಂಡಿಕೆ ಸುತ್ತುತ್ತಾಳೆ. ಲಾಳಿಯ ಹೊಟ್ಟೆಯಲ್ಲಿ ಕೂರುವ ಸಣ್ಣ ಕೋಲಿಗೆ ನೂಲು ಸುತ್ತಿದರೆ ಅದು ಕಂಡಿಕೆ. ಅದಿಲ್ಲದೆ ಎಂಥ ಮಗ್ಗವೂ ಒಂದು ಗೇಣು ಸೀರೆ ನೇಯಲಾರದು. ನಾನು ಆಗ ಜಮಖಂಡಿಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಚಿತ್ರಕಲೆ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ.

ಬೇರೆಯವರ ಮೇಲೆ ಸಿಟ್ಟು ಮಾಡುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಒಂದು ಅರ್ಜಿಯಲ್ಲಿ ತಾಯಿಯ ಉದ್ಯೋಗ ಕೇಳಿದ್ದರು. ನಾನು ಹಿಂದುಮುಂದು ನೋಡದೆ ‘ಮನೆಗೆಲಸ’ ಅಂತ ಬರೆದಿದ್ದೆ. ಆ ಅರ್ಜಿಯ ಶುಲ್ಕ ಬಂದದ್ದು ಅವ್ವ ಸುತ್ತಿದ ಕಂಡಿಕೆಯಿಂದ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ಶುರುವಾಗುವ ಮುಂಚೆ, ರಬಕವಿ-ಬನಹಟ್ಟಿಯ ಕೂಲಿ ನೇಕಾರರು ಮಗ್ಗ ನಿಲ್ಲಿಸಿದರು. ಅಂಗಡಿಯಲ್ಲಿ ಸೀರೆಯ ಬೆಲೆ ಏರುತ್ತಲೇ ಇತ್ತು. ಮಾಲಕರ ಮನೆಗಳ ಮೇಲೆ ಇನ್ನೊಂದು ಅಂತಸ್ತು ಎದ್ದಿತ್ತು, ಕೆಲವರ ಅಂಗಳಕ್ಕೆ ಎರಡನೇ ಕಾರು ಬಂದಿತ್ತು. ನೇಯುವವನ ಮಜೂರಿ ಮಾತ್ರ ಇದ್ದಲ್ಲೇ ಇತ್ತು. ಮಗ್ಗ ನಿಂತ ಮೊದಲ ದಿನ ಊರಿಗೆ ಕಿವುಡು ಬಡಿದಂತಾಯಿತು. ಹುಟ್ಟಿದಾಗಿನಿಂದ ಖಟಕ್ ಖಟಕ್ ಸದ್ದಿನಲ್ಲೇ ಮಲಗಿ ಎದ್ದವರು ನಾವು. ಅವತ್ತು ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ ಸದ್ದೂ ಕೇಳಿಸಿತು.

ತಹಶೀಲ್ದಾರ ಕಚೇರಿಯ ಮುಂದೆ ಪೆಂಡಾಲ ಹಾಕಿದರು. ಹೋರಾಟದ ಮುಂದಾಳು ಒಬ್ಬ ಹಿರಿಯ ನೇಕಾರ, ನನ್ನ ಅಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ದುಡಿದವರು. ಅಪ್ಪ ತೀರಿಕೊಂಡ ಮೇಲೂ ಹಬ್ಬಕ್ಕೊಮ್ಮೆ ಮನೆಗೆ ಬಂದು ಹೋಗುವಷ್ಟು ಒಳ್ಳೆಯವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ಮನೆಗೆ ಬಂದು, ಫ್ಲೆಕ್ಸ್ ಅಂಗಡಿಯವನು ಮಾಲಕರಿಗೆ ಹೆದರಿ ಬ್ಯಾನರ್ ಮಾಡಿಕೊಡಲು ಒಲ್ಲೆ ಅಂದ, ನೀನೇ ಬಟ್ಟೆಯ ಮೇಲೆ ಬರೆದುಕೊಡು ಅಂತ ಕೇಳಿದರು. ಒಂದು ದೊಡ್ಡ ಮುಷ್ಟಿ, ಹಿಂದೊಂದು ಮಗ್ಗ, ಮೇಲೆ ಕೆಂಪು ಅಕ್ಷರ. ಅವರ ತಲೆಯಲ್ಲಿ ಚಿತ್ರ ತಯಾರಾಗೇ ಇತ್ತು. ಪೆಂಡಾಲದ ಹಿಂಭಾಗಕ್ಕೆ ಸಾಲುವಷ್ಟು ಅಗಲದ ಮಾಂಜರಪಾಟವನ್ನು, ಅಂದರೆ ಬಿಳುಪು ಮಾಡದ ದಪ್ಪ ಹತ್ತಿ ಬಟ್ಟೆಯನ್ನು, ಮಡಿಸಿ ತಂದಿದ್ದರು.

ಎರಡು ದಿನ ಮುಷ್ಟಿ ಬರೆಯಲು ನೋಡಿದೆ. ಯಾವ ಊರಿನ ಯಾವ ಗೋಡೆಯ ಮೇಲಾದರೂ ಇರಬಹುದಾದ ಮುಷ್ಟಿ ಅದು, ನಮ್ಮ ಓಣಿಯವರದಾಗಲಿಲ್ಲ. ಮೂರನೇ ದಿನ ಸಂಜೆ ಬಸ್ಸಿಳಿದು ನಡೆದು ಬರುವಾಗ ಒಂದು ಸದ್ದು ಕಿವಿಗೆ ಬಿತ್ತು. ಮಗ್ಗಗಳು ಸುಮ್ಮನಿದ್ದವು. ಆದರೆ ಮನೆ ಮನೆಯೊಳಗಿಂದ ಕಂಡಿಕೆ ಸುತ್ತುವ ರಾಟಿ ತಿರುಗುವ ಗುಂಯ್ ಅನ್ನುವ ಸದ್ದು ಬರುತ್ತಿತ್ತು.

ಅವ್ವನೂ ಸುತ್ತುತ್ತಿದ್ದಳು. ಕೇಳಿದರೆ, ಗುಮಾಸ್ತ ನೂಲು ಕೊಟ್ಟು ಹೋಗಿದ್ದಾನೆ ಅಂದಳು. ಮುಷ್ಕರ ಮುಗಿದ ದಿನವೇ ಮಗ್ಗ ಚಾಲೂ ಆಗಬೇಕು, ಅದಕ್ಕೆ ಕಂಡಿಕೆ ತಯಾರಿರಬೇಕು ಅಂತ ಮಾಲಕರು ಹೇಳಿಕಳಿಸಿದ್ದರಂತೆ. ಗಂಡಸರೆಲ್ಲ ಪೆಂಡಾಲದಲ್ಲಿ ಘೋಷಣೆ ಕೂಗುತ್ತಿದ್ದಾರೆ, ಅವರ ಮನೆಗಳಲ್ಲೇ ಮಾಲಕರ ಕೆಲಸ ನಡೆದಿದೆ. ಇದನ್ನು ಯಾರೂ ಮುಷ್ಕರ ಮುರಿದದ್ದು ಅಂತಲೂ ಬೈದಿರಲಿಲ್ಲ. ಬೈಯಬೇಕಾದರೂ ಮೊದಲು ಅದು ಕೆಲಸ ಅಂತ ಕಾಣಬೇಕಲ್ಲ. ನನಗೆ ಮೈ ಉರಿದುಹೋಯಿತು. ಆ ಉರಿಯಲ್ಲೇ ಮುಷ್ಟಿಯ ಮೇಲೆ ಸುಣ್ಣ ಬಳಿದೆ.

ಮರುದಿನದಿಂದ ನಾನು ಓಣಿಯ ಐದು ಹೆಂಗಸರನ್ನು ಎದುರು ಕೂತು ಬರೆದೆ. ಅವ್ವ ಒಬ್ಬಳು. ಮಿಕ್ಕ ನಾಲ್ವರಲ್ಲಿ ಎದುರು ಮನೆಯ ವಿಧವೆಯ ಬಗ್ಗೆ ಮಾತ್ರ ಇಲ್ಲಿ ಹೇಳಬೇಕು. ನೂಲು ಹಿಡಿದೂ ಹಿಡಿದೂ ಅವಳ ಬಲಗೈ ತೋರುಬೆರಳು ಸೀಳಿರುತ್ತಿತ್ತು, ಸದಾ ಒಂದು ಹಳೇ ಬಟ್ಟೆಯ ಚಿಂದಿ ಸುತ್ತಿಕೊಂಡಿರುತ್ತಿದ್ದಳು. ಆ ಚಿಂದಿಯನ್ನೂ ಬರೆದೆ. ಆಳೆತ್ತರದ ಐದು ಹೆಂಗಸರು ಸಾಲಾಗಿ ರಾಟಿಯ ಮುಂದೆ ಕೂತಿದ್ದಾರೆ, ಯಾರೂ ನಗುತ್ತಿಲ್ಲ, ಎಲ್ಲರ ಕಣ್ಣೂ ನೂಲಿನ ಮೇಲೆ.

ಅವ್ವ ಬಂದು ಐವರನ್ನೂ ನೋಡಿದಳು. ಆಮೇಲೆ, “ನಮ್ಮನ್ನ ಯಾಕ ಬರದಿ ಬೇ? ನಾವೇನ ನೇಕಾರರೇನು?” ಅಂದಳು.

ಅವಳು ಅದನ್ನು ವ್ಯಂಗ್ಯದಿಂದ ಕೇಳಲಿಲ್ಲ. ಖರೇನೇ ಕೇಳಿದಳು. ಹದಿನಾರರ ವಯಸ್ಸಿನಿಂದ ಸುತ್ತುತ್ತಿದ್ದಾಳೆ, ಈಗ ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ಉತ್ತರ ಕೊಡುವ ಬದಲು ಕುಂಚ ತೆಗೆದುಕೊಂಡು ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ‘ನಾವೂ ನೇಕಾರರು’ ಅಂತ ಬರೆದೆ.

ಪೆಂಡಾಲದಲ್ಲಿ ಬಟ್ಟೆ ಬಿಚ್ಚಿದಾಗ ಕಾಕಾ ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ಚಿತ್ರ ಛಲೋ ಐತಿ ತಂಗಿ. ಆದರ ನೇಕಾರ ಎಲ್ಲಿ ಅದಾನು?”

“ಐದು ಮಂದಿ ಕುಂತಾರಲ್ಲರಿ ಕಾಕಾ,” ಅಂದೆ.

“ಅವರು ಕಂಡಿಕಿ ಸುತ್ತೋ ಹೆಂಗಸರು. ನಾ ನೇಕಾರನ್ನ ಕೇಳಾಕತ್ತೇನಿ.”

ನಡುವೆ ಒಂದು ಮಗ್ಗ ಬರೆ, ಒಬ್ಬ ಗಂಡಸನ್ನು ಕೂರಿಸು, ಹೆಂಗಸರು ಬೇಕಾದರೆ ಮೂಲೆಯಲ್ಲಿರಲಿ ಅಂದರು. ಸಮಿತಿಯ ಬೇರೆಯವರೂ ದನಿಗೂಡಿಸಿದರು. ಬೇಡಿಕೆಯ ಪತ್ರದಲ್ಲಿ ಇಲ್ಲದ್ದು ಬ್ಯಾನರಿನಲ್ಲಿ ಯಾಕೆ ಅಂತ ಒಬ್ಬ ಕೇಳಿದ. ಪತ್ರ ತರಿಸಿ ಓದಿದೆ. ಅವನು ಹೇಳಿದ್ದು ನಿಜ, ಕಂಡಿಕೆ ಸುತ್ತುವವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಚಿತ್ರ ತಿದ್ದುವುದಿಲ್ಲ ಅಂದೆ. ಕೊನೆಗೆ ಪೆಂಡಾಲದ ಹಿಂಭಾಗಕ್ಕಲ್ಲ, ನೀರಿನ ಡ್ರಮ್ಮು ಇಟ್ಟಿದ್ದ ಪಕ್ಕದ ಬದಿಗೆ ಅದನ್ನು ಕಟ್ಟಿದರು.

ಸುದ್ದಿ ಓಣಿ ಓಣಿಗೆ ಹೋಯಿತು. ಹೆಂಗಸರು ಸಂಜೆ ಬುಟ್ಟಿ ಹಿಡಿದು, ಕೂಸು ಎತ್ತಿಕೊಂಡು ನೋಡಲು ಬಂದರು. ನೀರು ಕುಡಿಯುವ ನೆವ ಮಾಡಿ ಡ್ರಮ್ಮಿನ ಹತ್ತಿರ ನಿಲ್ಲುವರು. ಅವಳ ಕೈ ನೋಡು, ಇವಳ ಬೆನ್ನು ಬಾಗಿದ್ದು ನೋಡು ಅಂತ ತಮ್ಮತಮ್ಮಲ್ಲೇ ಮಾತಾಡುವರು. ಎರಡು ಮೂರು ದಿನ ಕಳೆದ ಮೇಲೆ ಅವರು ನಿಲ್ಲದೆ ಅಲ್ಲೇ ಕೂರತೊಡಗಿದರು.

ಮುಷ್ಕರ ಮುಗಿದದ್ದು ಜಮಖಂಡಿಯ ಪ್ರವಾಸಿ ಮಂದಿರದಲ್ಲಿ, ಮಾಲಕರು ಮತ್ತು ಸಮಿತಿಯವರು ಅಧಿಕಾರಿಗಳ ಎದುರು ಸಹಿ ಹಾಕಿದಾಗ. ಮಗ್ಗದ ಮಜೂರಿ ಏರಿತು. ಕಾಕಾ ಅವರಿಗೆ ಹಾರ ಹಾಕಿ, ಗುಲಾಲು ಹಾರಿಸಿ ಊರೊಳಗೆ ಕರೆತಂದರು. ನಮ್ಮ ಓಣಿಯ ಬಾಯಿಗೆ ಮೆರವಣಿಗೆ ಬಂದಾಗ ಅವ್ವ ಹೊರಗೆ ಬಂದು, ನಮ್ಮದೇನಾತು ಅಂತ ಕೇಳಿದಳು.

“ಮೊದಲ ಮಗ್ಗದ್ದು ಆಗಲಿ ವೈನಿ,” ಅಂದರು ಕಾಕಾ. “ನಿಮ್ಮದು ಮುಂದ ನೋಡೂನು.”

ಅವ್ವ ಒಳಗೆ ಹೋಗಿ ರಾಟಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಅವಳ ಜೀವನದಲ್ಲಿ ಅದು ಅಟ್ಟ ಹತ್ತಿದ್ದು ಅದೇ ಮೊದಲು. ಚಿತ್ರದಲ್ಲಿದ್ದ ಉಳಿದ ನಾಲ್ವರೂ ಹಾಗೇ ಮಾಡಿದರು. ಮರುದಿನ ನೂಲು ತಂದ ಗುಮಾಸ್ತ ಬೈಕ್ ತಿರುಗಿಸಿಕೊಂಡು ಹೋದ. ಕೂಡಿಟ್ಟ ಕಂಡಿಕೆ ಮಧ್ಯಾಹ್ನದೊಳಗೆ ಖಾಲಿಯಾಗಿ, ತಮ್ಮನ ಶೆಡ್ಡಿನ ಮಗ್ಗಗಳು ಒಂದೊಂದಾಗಿ ನಿಂತವು. ಅವನು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದ. ಮಜೂರಿ ಹೆಚ್ಚಾದ ಮೊದಲನೇ ದಿನವೇ ಹೀಗೆ ಹಟ ಮಾಡಿದರೆ ಊರೆಲ್ಲ ನಮ್ಮನ್ನು ಬೈಯುತ್ತದೆ ಅಂದ.

“ನೀವು ನಿಲ್ಲಿಸಿದ್ರ ಹೋರಾಟ,” ಅಂದಳು ಅವ್ವ, “ನಾ ನಿಲ್ಲಿಸಿದ್ರ ಹಟ ಏನೋ?”

ಅವನು ಊಟ ಮಾಡದೆ ಎದ್ದು ಹೋದ. ಅವ್ವನಿಗೆ ನೋವಾಯಿತು, ಆದರೆ ಕರೆಯಲಿಲ್ಲ.

ಪೆಂಡಾಲ ಬಿಚ್ಚಿದವರು ನನ್ನ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟುಹೋಗಿದ್ದರು. ಹೆಂಗಸರು ಅದನ್ನು ತಂದು ಝಾಡಿಸಿ, ಮಾಲಕರ ಸಂಘದ ಕಚೇರಿಯ ಎದುರು ಲೈಟಿನ ಕಂಬಕ್ಕೂ ಬೇವಿನ ಮರಕ್ಕೂ ಕಟ್ಟಿದರು. ಅದರ ಕೆಳಗೆ ಮೊದಲ ದಿನ ಐದೇ ಮಂದಿ ಕೂತರು, ಚಿತ್ರದಲ್ಲಿದ್ದವರೇ. ಮರುದಿನ ರಬಕವಿಯ ಓಣಿಗಳಿಂದಲೂ ಹೆಂಗಸರು ಬಂದು ರಸ್ತೆ ತುಂಬಿತು. ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಕೂತೆ. ಸಂಘದ ಒಬ್ಬ ದೊಡ್ಡ ಮಾಲಕರು ಹೊರಗೆ ಬಂದು ಕೈಮುಗಿದು, ನೀವು ನಮ್ಮ ತಾಯಂದಿರು, ಹೀಗೆ ಬೀದಿಯಲ್ಲಿ ಕೂರುವುದು ಶೋಭೆಯಲ್ಲ ಅಂತ ಸಮಾಧಾನದ ಮಾತಾಡಿದರು. ಎದುರು ಮನೆಯ ವಿಧವೆ ಚಿಂದಿ ಸುತ್ತಿದ ಬೆರಳು ಎತ್ತಿದಳು.

“ತಾಯಿ ಅನಬ್ಯಾಡ್ರಿ. ಕಂಡಿಕಿ ಸುತ್ತಾಕಿ ಅನ್ರಿ, ಅಷ್ಟ ಸಾಕು.”

ಮೂರನೇ ದಿನ ಕಾಕಾ ಬಂದರು. ಯಾರ ಮುಖವನ್ನೂ ನೋಡದೆ ಸಾಲಿನ ಕೊನೆಗೆ ಟವೆಲ್ ಹಾಸಿ ಕೂತರು. ಸಂಜೆ ಹೆಂಗಸರ ಜೊತೆ ಅವರೂ ಒಳಗೆ ಹೋದರು. ಒಪ್ಪಂದಕ್ಕೆ ಇನ್ನೊಂದು ಹಾಳೆ ಸೇರಿತು, ಅದರಲ್ಲಿ ಕಂಡಿಕೆಯವರಿಗೂ ಹೆಚ್ಚಿಗೆ ಕೊಡುವ ಮಾತು ಬರೆದರು. ಆದರೂ ಕಾಕಾ ಅವರ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ಮಾಲಕನಿಗೆ ಹೆಂಗಸರ ಕೆಲಸ ಕಾಣದಿದ್ದರೆ ಅದು ಅವನ ಲಾಭಕ್ಕೆ. ಜೊತೆಯಲ್ಲಿ ಉಂಡವರಿಗೂ ಕಾಣಲಿಲ್ಲವಲ್ಲ, ಆ ಸಂಕಟ ಬೇರೆ.

ಗೆದ್ದೆವು ಅಂತ ಹೇಳಲೂ ಬಾಯಿ ಬರುವುದಿಲ್ಲ. ಮಳೆಗಾಲದ ಹೊತ್ತಿಗೆ ಕೆಲವು ಮಾಲಕರು ಕಂಡಿಕೆ ಸುತ್ತುವ ಮಷಿನ್ ತಂದರು. ಚಿತ್ರದ ಐವರಲ್ಲಿ ಇಬ್ಬರ ಕೆಲಸ ಹೋಯಿತು, ಆ ವಿಧವೆಯದೂ. ಅವಳು ಈಗ ಸೀರೆಯ ಸೆರಗಿಗೆ ಗೊಂಡೆ ಕಟ್ಟಿಕೊಡುತ್ತಾಳೆ. ನಾನು ಹೋಗಿ ಅವಳ ಮುಂದೆ ತಲೆ ತಗ್ಗಿಸಿ ಕೂತಾಗ, ನೀ ಬರೆಯದಿದ್ದರೂ ಮಷಿನ್ ಬರುತ್ತಿತ್ತು, ಸುಮ್ಮನಿರು ಅಂತ ಅವಳೇ ನನಗೆ ಚಹಾ ಕೊಟ್ಟಳು.

ಇಷ್ಟರಲ್ಲೇ ಇನ್ನೊಂದು ಆಯಿತು. ಜಮಖಂಡಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಸೀರೆ ಅಂಗಡಿಯ ಗಾಜಿನ ಹಿಂದೆ, ಬಸ್ಸಿನ ಕಿಟಕಿಯಿಂದ, ನನಗೆ ನಮ್ಮ ಅವ್ವ ಕಂಡಳು. ಇಳಿದು ಹಿಂದಕ್ಕೆ ಓಡಿದೆ. ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ ಇರಬೇಕು, ನನ್ನ ಚಿತ್ರವನ್ನೇ ಗೋಡೆಯಗಲ ಪ್ರಿಂಟ್ ಹಾಕಿಸಿದ್ದರು. ‘ನಾವೂ ನೇಕಾರರು’ ಅನ್ನುವ ಸಾಲು ಕತ್ತರಿಸಿಹೋಗಿತ್ತು. ಅದರ ಜಾಗದಲ್ಲಿ ಬಂಗಾರದ ಅಕ್ಷರದಲ್ಲಿ ‘ನಮ್ಮ ಕೈಮಗ್ಗದ ತಾಯಂದಿರಿಗೆ ನಮನ’ ಎಂದಿತ್ತು. ಅವರು ಸುತ್ತಿದ್ದು ಪವರ್‌ಲೂಮಿಗೆ, ಕೈಮಗ್ಗಕ್ಕಲ್ಲ. ಐದೂ ಜನರ ತುಟಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ ನಗಿಸಿದ್ದರು. ವಿಧವೆಯ ಬೆರಳಿನ ಚಿಂದಿ ಮಾಯವಾಗಿ ಅಲ್ಲೊಂದು ಉಂಗುರ ಬಂದಿತ್ತು.

ಅಂಗಡಿಯವರು ನನ್ನನ್ನು ಗೌರವದಿಂದಲೇ ಕೂರಿಸಿದರು, ಥಂಡಾ ತರಿಸಿದರು. ಬೇಕಾದರೆ ಮೂಲೆಯಲ್ಲಿ ನನ್ನ ಹೆಸರು ಹಾಕಿಸುವುದಾಗಿ ಹೇಳಿದರು. ನನಗೆ ಹೆಸರು ಬೇಕಿರಲಿಲ್ಲ. ಆಕೆಯ ಬೆರಳಿನ ಗಾಯ ಯಾಕೆ ಅಳಿಸಿದಿರಿ ಅಂತ ಕೇಳಿದೆ.

“ಗಿರಾಕಿ ಸೀರಿ ನೋಡಾಕ ಬರ್ತಾರ್ರಿ ಟೀಚರ್,” ಅಂದರು ಅವರು, ಮೆತ್ತಗೆ. “ಗಾಯ ನೋಡಾಕಲ್ಲ.”

ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಈ ಲೋಕದ ರೀತಿ ಹೇಳಿಕೊಟ್ಟಿರಲಿಲ್ಲ. ಥಂಡಾ ಮುಟ್ಟದೆ ಎದ್ದು ಬಂದೆ. ಮುಂದಿನ ರವಿವಾರ ಐವರೂ ನನ್ನ ಜೊತೆ ಜಮಖಂಡಿಗೆ ಬಂದರು. ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಮಾಂಜರಪಾಟ ಬಿಡಿಸಿ ಹಿಡಿದು, ಒಳಗಿನ ಚಿತ್ರಕ್ಕೆ ಎದುರಾಗಿ ನಿಂತೆವು. ಕೂಗಲಿಲ್ಲ, ಯಾರನ್ನೂ ತಡೆಯಲಿಲ್ಲ. ಸೀರೆ ಕೊಳ್ಳಲು ಬಂದ ಹೆಂಗಸರು ಒಮ್ಮೆ ಗಾಜಿನೊಳಗೆ ನೋಡುವರು, ಒಮ್ಮೆ ಬಟ್ಟೆಯನ್ನು, ಆಮೇಲೆ ನಮ್ಮನ್ನು. ಕೆಲವರು ಹತ್ತಿರ ಬಂದು ಕೇಳಿದರು, ಅವ್ವ ಹೇಳಿದಳು. ಬಿಸಿಲು ಇಳಿಯುವ ಮುಂಚೆ ಅಂಗಡಿಯ ಹುಡುಗರು ಏಣಿ ತಂದು ಆ ಪ್ರಿಂಟ್ ಕಿತ್ತರು. ಅಲ್ಲಿ ಈಗ ಯಾರೋ ಮಾಡೆಲ್ಲಿನ ಫೋಟೋ ಇದೆ.

ಮುಂದಿನ ಜೂನಿನಲ್ಲಿ ಶಾಲೆಯವರು ನನ್ನನ್ನು ಕರೆಯಲಿಲ್ಲ. ಈ ವರ್ಷ ಚಿತ್ರಕಲೆ ಬೇಡವೆಂದು ತೀರ್ಮಾನವಾಗಿದೆ ಅಂದರು. ನಾನು ಕಾರಣ ಕೇಳಲಿಲ್ಲ, ಅವರು ಹೇಳುವ ಧೈರ್ಯವನ್ನೂ ಮಾಡಲಿಲ್ಲ. ಮನೆಯಲ್ಲೇ ಕೂತು ಸೀರೆಯ ಅಂಚಿನ ವಿನ್ಯಾಸಕ್ಕೆ ಗ್ರಾಫ್ ಬರೆದುಕೊಡುತ್ತ ಇದ್ದೇನೆ.

ಹೋದ ಚಳಿಗಾಲದಲ್ಲಿ ಮುಧೋಳದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗಿನ ಇಬ್ಬರು ಹೆಂಗಸರು ನಮ್ಮ ಮನೆ ಹುಡುಕಿಕೊಂಡು ಬಂದರು. ಗಂಡ ಹೆಂಡತಿ ಇಬ್ಬರೂ ಕಡಿದರೂ ಗ್ಯಾಂಗಿನ ಲೆಕ್ಕದಲ್ಲಿ ಗಂಡನ ಹೆಸರೊಂದೇ ಇರುತ್ತದೆ, ಅದಕ್ಕೆ ಕಾರ್ಖಾನೆಯ ಮುಂದೆ ಕೂರುವವರಿದ್ದೇವೆ, ನಮ್ಮದೊಂದು ಚಿತ್ರ ಬೇಕು ಅಂದರು. ನಾನು ಪೆನ್ಸಿಲ್ ತೆಗೆದುಕೊಂಡು, ತಲೆಯ ಮೇಲೆ ಕಬ್ಬಿನ ಮೋಳಿಗೆ ಹೊತ್ತು ನಿಂತ ಹಾಗೆ ಬರೆಯಲೇನು ಅಂತ ಕೇಳಿದೆ. ಅವರಲ್ಲಿ ಹಿರಿಯಳು ತಲೆ ಅಲ್ಲಾಡಿಸಿದಳು.

“ಹೊತ್ತದ್ದು ಎಲ್ಲಾರೂ ನೋಡ್ಯಾರ್ರಿ ಅಕ್ಕಾರ. ಕುಂತದ್ದ ಬರೀರಿ.”

ಅವ್ವ ಚಾಪೆ ತಂದು ಹಾಸಿದಳು. ಇಬ್ಬರೂ ಗೋಡೆಗೆ ಒರಗಿ, ಕಾಲು ಚಾಚಿ ಕೂತರು. ನಾನು ಪಾದದಿಂದ ಶುರು ಮಾಡಿದೆ.