ಶನಿವಾರದ ಹಾಜರಿ

ನಂಜನಗೂಡಿನಲ್ಲಿ ನಾನು ಕೆಲಸಕ್ಕಿದ್ದ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಮಾವನ ಪಾಸ್‌ವರ್ಡ್ ಗೊತ್ತಿಲ್ಲದವರೇ ಇರಲಿಲ್ಲ. ಮಾವ ಎಂದರೆ ಸೋದರಮಾವನಲ್ಲ. ನಮ್ಮವ್ವನ ಊರು ಮೂಗೂರಿನವರು, ಅದಕ್ಕೇ ಮಾವ. ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನಲ್ಲಿ ಗುಮಾಸ್ತರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನರಸೀಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಕ್ಲಾಸಿನಲ್ಲಿ ಅಷ್ಟಿಷ್ಟು ಕಂಪ್ಯೂಟರ್ ಕಲಿತು ಮನೆಯಲ್ಲಿ ಕೂತಿದ್ದಾಗ, ಮ್ಯಾನೇಜರ್ ಮುಂದೆ ನಿಲ್ಲಿಸಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಕೊಡಿಸಿದವರು ಅವರೇ.

ಹಾಜರಿ ಪುಸ್ತಕವಿದ್ದ ಕಾಲದಿಂದ ಅಲ್ಲೊಂದು ಪದ್ಧತಿಯಿತ್ತು. ಯಾರದಾದರೂ ಮನೆಯಲ್ಲಿ ಸಾವು, ತಿಥಿ, ಹೆಣ್ಣು ನೋಡುವ ಶಾಸ್ತ್ರ ಬಂದರೆ ರಜೆ ಬರೆಯುತ್ತಿರಲಿಲ್ಲ. ಮಾವ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು, ಸಂಜೆ ಶಾಯಿಯಲ್ಲಿ ಹಾಜರಿ ತುಂಬುತ್ತಿದ್ದರು. ಅವನ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಂಡು ಮುಗಿಸುತ್ತಿದ್ದರು. ಪುಸ್ತಕ ಹೋಗಿ ಕಂಪ್ಯೂಟರ್ ಬಂದ ಮೇಲೆ ಮಾವನಿಗೆ ಅಷ್ಟು ಜನರದನ್ನು ತಿದ್ದುವುದು ಕಷ್ಟವಾಯಿತು. ಕೇಳಿದವರಿಗೆಲ್ಲ ಪಾಸ್‌ವರ್ಡ್ ಹೇಳಿ, ನೀವೇ ಹಾಕಿಕೊಳ್ಳಿ ಎಂದುಬಿಟ್ಟರು.

"ಹೀಗೆಲ್ಲ ಹೇಳಬಾರದು ಮಾವ" ಎಂದು ನಾನೇ ಒಮ್ಮೆ ಬುದ್ಧಿ ಹೇಳಿದೆ. ಆಗ ನಾನು ಕಂಪ್ಯೂಟರ್ ಸೆಕ್ಯುರಿಟಿಯ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದೆ. ನರಸೀಪುರದ ಬಸ್ಸಿನಲ್ಲಿ ಜೆರಾಕ್ಸ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಳ್ಳರು ಎಲ್ಲೆಲ್ಲಿಂದ ನುಗ್ಗುತ್ತಾರೆ ಎಂದು ಬಾಯಿಪಾಠ ಮಾಡುತ್ತಿದ್ದೆ. ಓದಿದಷ್ಟೂ ಜಗತ್ತಿನಲ್ಲಿ ಬೀಗವಿರುವ ಬಾಗಿಲೇ ಇಲ್ಲವೆನಿಸುತ್ತಿತ್ತು.

ಮಾವ ನಕ್ಕರು. "ನೀರ್ ಕೇಳ್ದೋರ್ಗೆ ಇಲ್ಲ ಅನ್ನಕ್ಕಾಯ್ತದೇನ್ಲಾ? ನಮ್ ಐಕ್ಳೇ ಅಲ್ವಾ ಎಲ್ಲಾ?"

ಬುದ್ಧಿ ಹೇಳಿದ ನಾನೇನು ಸಾಚಾ ಆಗಿರಲಿಲ್ಲ. ಪರೀಕ್ಷೆಯ ಕ್ಲಾಸು ಇದ್ದದ್ದು ಮೈಸೂರಿನಲ್ಲಿ, ಶನಿವಾರ ಮಧ್ಯಾಹ್ನ. ಹನ್ನೆರಡಕ್ಕೆ ಹೊರಡುವ ಮುಂಚೆ ನನ್ನ ಮೇಜಿನ ಕಂಪ್ಯೂಟರಿನಲ್ಲೇ ಮಾವನ ಹೆಸರಲ್ಲಿ ಒಳಹೊಕ್ಕು, ಸಂಜೆಯವರೆಗೆ ಇದ್ದೆನೆಂದು ಹಾಜರಿ ಹಾಕಿಕೊಂಡು ಹೋಗುತ್ತಿದ್ದೆ. ಕಳ್ಳರನ್ನು ತಡೆಯುವ ಪರೀಕ್ಷೆಗೆ ಕಳ್ಳತನದಿಂದ ಓದಿದವನು ನಾನು. ಪಾಸಾದರೆ ಕಂಪ್ಯೂಟರ್ ವಿಭಾಗಕ್ಕೆ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡುವುದಾಗಿ ಮ್ಯಾನೇಜರ್ ಮಾತು ಕೊಟ್ಟಿದ್ದರು. ಆ ಆಸೆ ಕಣ್ಣು ಕಟ್ಟಿತ್ತು.

ಪರೀಕ್ಷೆಗೆ ಮೂರು ವಾರವಿದ್ದಾಗ ಒಂದು ಮಧ್ಯಾಹ್ನ ರದ್ದಿ ಕಾಗದದ ಗೋಡೌನಿಗೆ ಬೆಂಕಿ ಬಿತ್ತು. ಎಲ್ಲರೂ ಗೇಟಿನ ಹತ್ತಿರ ಓಡಿ ಬಂದೆವು. ಹಾಜರಿ ಪಟ್ಟಿ ಪ್ರಿಂಟ್ ತೆಗೆದು ಹೆಸರು ಕೂಗಿದರು. ಚಿಕ್ಕಯ್ಯನಛತ್ರದ ಕಡೆಯ ಒಬ್ಬ ಫಿಟ್ಟರ್ ಓಗೊಡಲಿಲ್ಲ. ಮತ್ತೆ ಕೂಗಿದರು. ಅವನು ಗೋಡೌನಿನ ಪಂಪ್ ನೋಡಲು ಹೋಗುತ್ತಿದ್ದವನು. ಸೆಕ್ಯುರಿಟಿ ಗಾರ್ಡ್ ಒದ್ದೆ ಗೋಣಿಚೀಲ ಹೊದ್ದು ಒಳಗೆ ನುಗ್ಗಿದ. ಹೊಗೆಯಲ್ಲಿ ಫಿಟ್ಟರನ ಹೆಸರು ಹಿಡಿದು ಕೂಗುತ್ತಿದ್ದುದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಗಾರ್ಡನನ್ನು ಎಳೆದು ತಂದಾಗ ಅವನಿಗೆ ಪ್ರಜ್ಞೆಯಿರಲಿಲ್ಲ. ಫಿಟ್ಟರ್ ಮಾತ್ರ ಆ ಹೊತ್ತಿನಲ್ಲಿ ತನ್ನ ಹೆಂಡತಿಯ ತವರಿನ ತಿಥಿಯಲ್ಲಿ ಊಟಕ್ಕೆ ಕೂತಿದ್ದ.

ಗಾರ್ಡ್ ಬದುಕಿಕೊಂಡ, ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾದ. ಇಲ್ಲದವನನ್ನು ಇದ್ದಾನೆಂದು ಬರೆದವರು ಯಾರು ಎಂದು ವಿಚಾರಣೆ ಶುರುವಾಯಿತು. ಕಂಪ್ಯೂಟರಿನಲ್ಲಿ ಇದ್ದದ್ದು ಮಾವನ ಹೆಸರು.

"ಅವತ್ತಿಂದು ನಾನ್ ಆಕಿಲ್ಲ ಸಾ" ಎಂದರು ಮಾವ. ಮತ್ತೆ ಯಾರಿಗೆ ಪಾಸ್‌ವರ್ಡ್ ಗೊತ್ತು ಎಂದು ಕೇಳಿದರೆ ತಲೆ ತಗ್ಗಿಸಿದರು. ಯಾರ ಹೆಸರನ್ನೂ ಬಾಯಿಬಿಡಲಿಲ್ಲ. ಹಾಜರಿ ಹಾಕಿಕೊಂಡು ತಿಂದುಂಡ ನಾವೂ ತುಟಿ ಬಿಚ್ಚಲಿಲ್ಲ.

ಹಿಂದಿನ ಆರು ತಿಂಗಳ ದಾಖಲೆ ತೆಗೆದುಕೊಡು ಎಂದು ಮ್ಯಾನೇಜರ್ ನನಗೇ ಹೇಳಿದರು. ತೆಗೆದೆ. ತಿದ್ದಿದ ದಿನ, ಗಂಟೆ, ತಿದ್ದಿದವರ ಹೆಸರು, ಎಲ್ಲ ಸಾಲಾಗಿ ಬಂತು. ಕೊನೆಯ ಕಾಲಮ್ಮಿನಲ್ಲಿ ಯಾವ ಕಂಪ್ಯೂಟರಿನಿಂದ ತಿದ್ದಿದ್ದು ಎಂಬ ನಂಬರೂ ಇತ್ತು. ಫಿಟ್ಟರನ ಹಾಜರಿ ಬಿದ್ದದ್ದು ಮಾವನ ಮೇಜಿನಿಂದಲ್ಲ, ಫಿಟ್ಟರುಗಳ ಶೆಡ್ಡಿನ ಕಂಪ್ಯೂಟರಿನಿಂದ. ಆ ಒಂದು ನಂಬರ್ ತೋರಿಸಿದ್ದರೆ ಪಾಸ್‌ವರ್ಡ್ ಹಂಚಿದ್ದಕ್ಕೆ ಎಚ್ಚರಿಕೆ ಪತ್ರ ಕೊಟ್ಟು ಮಾವನನ್ನು ಉಳಿಸಿಕೊಳ್ಳುತ್ತಿದ್ದರು. ಆದರೆ ಅದೇ ಕಾಲಮ್ಮಿನಲ್ಲಿ ನನ್ನ ಮೇಜಿನ ನಂಬರೂ ಇತ್ತು, ಒಂದೊಂದು ಶನಿವಾರಕ್ಕೂ.

ಆ ಕಾಲಂ ಅಳಿಸಿ ಪ್ರಿಂಟ್ ಕೊಟ್ಟೆ.

ಮ್ಯಾನೇಜರ್ ಹಾಳೆ ತಿರುವಿ, "ಇಷ್ಟೂ ಅವರೇನಾ?" ಎಂದರು.

"ಯಾರ ಲಾಗಿನ್ನೋ ಅವರೇ ಹೊಣೆ ಸಾರ್, ನಿಯಮ ಇರೋದೇ ಹಾಗೆ" ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ಆ ಮಾತು ಆಡಿದ ನಾಲಿಗೆಯ ಬಗ್ಗೆ ನನಗೆ ಇವತ್ತಿಗೂ ಹೇಸಿಗೆಯಿದೆ.

ರಿಟೈರಾಗಲು ಎರಡು ವರ್ಷವಿದ್ದ ಮಾವನನ್ನು ಕೆಲಸದಿಂದ ತೆಗೆದರು. ನಾನು ಪರೀಕ್ಷೆ ಪಾಸು ಮಾಡಿದೆ, ಮುಖ್ಯಸ್ಥನೂ ಆದೆ.

ಒಂದು ಭಾನುವಾರ ಬೆಳಿಗ್ಗೆ ಮಾವ ನರಸೀಪುರದ ನಮ್ಮ ಮನೆಗೆ ಬಂದರು. ಬೈಯಲು ಬಂದರೆಂದೇ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಪಾಸಾದ್ಯಂತೆ, ಒಳ್ಳೇದಾಯ್ತು ಕಣ್ಲಾ" ಎಂದು ಜಗಲಿಯ ಮೇಲೆ ಕೂತರು. ಆಮೇಲೆ ದನಿ ಇಳಿಸಿ ಹೇಳಿದರು: "ಅವತ್ತಿಂದು ನಾನ್ ಆಕಿಲ್ಲ ಅಂತ್ಲೇ ನಂಗನ್ನುಸ್ತದೆ. ಯಾವ್ ಕಂಪ್ಯೂಟ್ರಿಂದ ಆಕವ್ರೆ ಅಂತ ಅದ್ರೊಳ್ಗೆ ಎಲ್ಲಾರಾ ಇರಕಿಲ್ವಾ? ನೀನ್ ಓದಿರೋದು ಅದ್ನೇ ಅಲ್ವಾ? ಒಂದ್ಸಲ ನೋಡೇಳು."

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಅನುಮಾನವಿರಲಿಲ್ಲ, ನಂಬಿಕೆಯಿತ್ತು. ಅದೇ ಹೆದರಿಕೆ ಹುಟ್ಟಿಸಿತು.

"ನೋಡ್ದೆ ಮಾವ. ಅಂಥದ್ದೇನೂ ಇಲ್ಲ."

"ನೀನೇ ಇಲ್ಲ ಅಂದ್ಮೇಲೆ ಮುಗೀತು ಬುಡು" ಎಂದರು. ಅವ್ವ ಕೊಟ್ಟ ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟರು. ಹೊಸ್ತಿಲು ದಾಟುವಾಗ ಅವ್ವನ ಕಡೆ ತಿರುಗಿ, "ನಾನೇ ಆಕಿ ಮರ್ತಿರ್ಬೇಕು ಕಣವ್ವ, ವಯಸ್ಸಾಯ್ತು. ಆ ಗಾರ್ಡ್ ಮನೆಗೆ ಓಗಿ ತಪ್ಪಾಯ್ತು ಅಂತ ಕೈ ಮುಗ್ದು ಬತ್ತೀನಿ" ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ಹೊರಟರು.