ಅಂಗೈ ಮೇಲಿನ ಸೂಪು

ಅವರಿಗೆ ಹುಬ್ಬೇ ಇರಲಿಲ್ಲ. ಬಾಣಲೆಯಿಂದ ಎದ್ದ ಬೆಂಕಿ ಎಂದೋ ಎರಡನ್ನೂ ಸುಟ್ಟಿತ್ತು, ಆಮೇಲೆ ಅವು ಬೆಳೆಯಲೇ ಇಲ್ಲ. ಹಾಗಾಗಿ ಅವರು ಕೋಪ ಮಾಡಿಕೊಂಡರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ, ನಮ್ಮ ಮನೆಯ ಗೋಡೆಗೆ ಅಂಟಿಕೊಂಡಂತೆ, ನಾಲ್ಕು ಮೇಜಿನ ಚೈನೀಸ್ ಹೋಟೆಲು ಅವರದು. ಬೀದಿಗೆಲ್ಲ ಅವರು ಚೈನೀಸ್ ಅಣ್ಣ. ನನಗೆ ಬರೀ ಅಣ್ಣ.

ಚೀನಾ ಹಾಗಿರಲಿ, ಅವರು ಹುಟ್ಟಿದ್ದು ಅಜ್ಜೀಪುರದಲ್ಲಿ. ಮೈಸೂರಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತ ತೊಳೆಯುತ್ತ ನೂಡಲ್ಸ್ ಕಲಿತು ಬಂದವರು. ಬೋರ್ಡಿಗೆ ಡ್ರ್ಯಾಗನ್ ಬರೆದುಕೊಡಯ್ಯಾ ಎಂದರೆ, ಡ್ರ್ಯಾಗನ್ನೇ ಕಾಣದ ನಮ್ಮೂರ ಪೇಂಟರು ಮಾದಪ್ಪ ಸ್ವಾಮಿ ಏರುವ ಹುಲಿಯನ್ನು ಬರೆದು ಬಾಲದ ಜಾಗದಲ್ಲಿ ಹಾವು ಸೇರಿಸಿಬಿಟ್ಟಿದ್ದ. ಮಾದಪ್ಪನ ಬೆಟ್ಟಕ್ಕೆ ಹೊರಟ ಮುದುಕಿಯರು ಬೋರ್ಡಿಗೂ ಕೈಮುಗಿದು ಹೋಗುತ್ತಿದ್ದರು.

"ಮುಗೀಲಿ ಬುಡವ್ವ, ಯಾಪಾರಕ್ಕೆ ಒಳ್ಳೇದು" ಎಂದು ಅಣ್ಣ ನಗುತ್ತಿದ್ದರು.

ಅವರ ಸೂಪಿನ ಗುಟ್ಟು ಹುರುಳಿ ಕಟ್ಟು. ಹುರುಳಿ ಬೇಯಿಸಿ ಬಸಿದ ನೀರಿಗೆ ಶುಂಠಿ, ಮೆಣಸು, ವಿನೆಗರ್ ಬೀಳುತ್ತಿತ್ತು. ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ನೀರು ಕುಡಿದರೂ ವಾಂತಿ. ಮಗ್ಗದ ಮುಂದೆ ಕೂತರೆ ಕಣ್ಣು ಕತ್ತಲೆ ಬರುತ್ತಿತ್ತು. ಆಗ ಹೊಟ್ಟೆಯಲ್ಲಿ ನಿಂತದ್ದು ಆ ಸೂಪೊಂದೇ. ನಾಲ್ಕು ತಿಂಗಳು ದಿನಾ ಗೋಡೆಯಾಚೆಯಿಂದ ಚೊಂಬಿನಲ್ಲಿ ಬರುತ್ತಿತ್ತು.

"ಚೀನಾದಲ್ಲಿ ಹುರುಳಿ ಎಲ್ಲೈತೆ ಅಣ್ಣ?" ಎಂದು ಕೆಣಕಿದ್ದೆ.

"ಇಲ್ದೆ ಓದ್ರೆ ಅವ್ರ ಅಣೇಬರ ಕಣವ್ವ."

ರುಚಿ ನೋಡುವುದಕ್ಕೂ ಅವರದೇ ಒಂದು ರೀತಿ. ಚಮಚ ಮುಟ್ಟುತ್ತಿರಲಿಲ್ಲ. ಸೌಟಿನಿಂದ ಎರಡು ಹನಿ ಎಡ ಅಂಗೈಗೆ ಹಾಕಿಕೊಂಡು, ನೆಕ್ಕಿ, ಕಣ್ಣು ಮುಚ್ಚಿ, "ಊಂ" ಅನ್ನಬೇಕು. ಆ "ಊಂ" ಬಾರದೆ ಹೋಟೆಲಿನ ಬಾಗಿಲು ತೆರೆಯುತ್ತಿರಲಿಲ್ಲ.

ಊರಿಗೆಲ್ಲ ಜ್ವರ ಬಂದ ವರ್ಷ ಅವರಿಗೂ ಬಂತು. ವಾಸಿಯಾಗಿ ಬಂದು ಒಲೆ ಹಚ್ಚಿದರು. ಒಂದು ಸಂಜೆ ನಾನು ಕೂತಿದ್ದಂತೆಯೇ ಬೆಳ್ಳುಳ್ಳಿ ಸೀದು ಹೋಟೆಲೆಲ್ಲ ಕಮಟು. ಅಣ್ಣ ಮಾತ್ರ ನಿರಾಳವಾಗಿ ಬಾಣಲೆ ಆಡಿಸುತ್ತಲೇ ಇದ್ದರು.

"ಅಣ್ಣ, ಬೆಳ್ಳುಳ್ಳಿ ಸೀದೋಯ್ತು!"

ಅವರು ಬಾಣಲೆ ನೋಡಿದರು, ನನ್ನನ್ನು ನೋಡಿದರು. ಒಲೆ ಆರಿಸಿ ಬಂದು ನನ್ನೆದುರು ಕೂತರು. ಗಿರಾಕಿಯ ಮೇಜಿನ ಮುಂದೆ ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಮೂಗು ಸತ್ತೋಯ್ತು ಕಣವ್ವ. ನಾಲ್ಗೇನೂವೆ. ಉಪ್ಪೂ ಒಂದೇ, ಮಣ್ಣೂ ಒಂದೇ. ಯಾರ್ಗೂ ಏಳ್ಬ್ಯಾಡ, ನಿಮ್ಮತ್ಗೆಗೂ ಏಳ್ಬ್ಯಾಡ. ಗೊತ್ತಾದ್ರೆ ಯಾರ್ ಬಂದಾರು ಇಲ್ಗೆ?"

ಅತ್ತಿಗೆಗೆ, ಅಂದರೆ ಅವರ ಹೆಂಡತಿಗೆ, ವಿನೆಗರ್ ವಾಸನೆ ಕಂಡರಾಗದು. ಆಕೆ ಮುದ್ದೆ ಉಂಡು ತಮ್ಮ ಪಾಡಿಗೆ ಇದ್ದವರು. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಮಗ್ಗ ನಿಲ್ಲಿಸಿ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದೆ. ಅಣ್ಣ ನನ್ನ ಅಂಗೈಗೆ ಎರಡು ಹನಿ ಹಾಕುತ್ತಿದ್ದರು. ನಾನು ನೆಕ್ಕಿ ಹೇಳುತ್ತಿದ್ದೆ, ಹುಳಿ ಸಾಲದು, ಉಪ್ಪು ಸರಿಯಾಗಿದೆ. "ನೀನೇ ನನ್ ನಾಲ್ಗೆ" ಎನ್ನುತ್ತಿದ್ದರು. ನನಗೆ ಎಂಥ ಹೆಮ್ಮೆ!

ಮೊದಲ ವರ್ಷ ಕೈಯಳತೆ ಕಾಪಾಡಿತು. ಆಮೇಲೆ ಕೈಯೂ ತಪ್ಪತೊಡಗಿತು. ಒಂದು ದಿನ "ಉಪ್ಪು ಜಾಸ್ತಿ ಅಣ್ಣ" ಎಂದೆ. ಚೆಲ್ಲಿ ಮತ್ತೆ ಮಾಡಿದರು. ಆಗಲೂ ಜಾಸ್ತಿ. ಮೂರನೆಯ ಸಲವೂ ಹಾಗೇ ಹೇಳಿದಾಗ ಸೌಟನ್ನು ಕೈಬಿಟ್ಟು, ಗೋಡೆ ಕಡೆ ತಿರುಗಿ ನಿಂತು ಅತ್ತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಭುಜ ಕುಣಿಸಿ ಅಳುವುದನ್ನು ನನ್ನ ಕೈಲಿ ನೋಡಲಾಗಲಿಲ್ಲ.

ಮರುದಿನವೂ ಉಪ್ಪು ಜಾಸ್ತಿಯೇ ಇತ್ತು. ನಾನು, "ಸರಿಗದೆ ಅಣ್ಣ" ಎಂದೆ. ಅವರ ಮುಖ ಅರಳಿತು. ಆ ಮುಖ ನೋಡುವ ಆಸೆಗೆ ಅದರ ಮರುದಿನವೂ ಅಂದೆ. ಆಮೇಲೆ ನಾಲಗೆಗೆ ಅದೇ ಪಾಠವಾಗಿಹೋಯಿತು. ಇದು ಕರುಣೆ ಅಂದುಕೊಂಡಿದ್ದೆ ನಾನು, ಪಾಪಿ!

ಒಂದೊಂದೇ ಮೇಜು ಖಾಲಿಯಾಯಿತು. ಬಸ್ ಸ್ಟ್ಯಾಂಡಿನ ಹೊಸ ಗೋಬಿ ಗಾಡಿಗಳು ಗಿರಾಕಿಗಳನ್ನು ಎಳೆದುಕೊಂಡವು ಎಂದು ಅಣ್ಣ ಬೈದುಕೊಳ್ಳುತ್ತಿದ್ದರು. ನಾನೂ ಹೂಂಗುಟ್ಟುತ್ತಿದ್ದೆ. ಯಳಂದೂರಿನ ಹೊನ್ನೂರಿನಿಂದ ರೇಷ್ಮೆಗೂಡು ಮಾರಲು ಬರುವ ರೈತರೊಬ್ಬರು ಮಾತ್ರ, ಗೂಡು ತಂದಾಗಲೆಲ್ಲ ಸೂಪು ಕುಡಿಯದೆ ಊರಿಗೆ ಹೋದವರಲ್ಲ. ಒಂದು ದಿನ ಅವರೂ ಒಂದು ಚಮಚ ಬಾಯಿಗಿಟ್ಟು, ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ದುಡ್ಡಿಟ್ಟು ಎದ್ದು ಹೋದರು. ಅಣ್ಣ ಆ ತುಂಬಿದ ಬಟ್ಟಲನ್ನು ಬಹಳ ಹೊತ್ತು ನೋಡಿದರಂತೆ.

ಮರುದಿನ ನಾಲ್ಕಕ್ಕೆ ಹೋದೆ. ಅಂಗೈಗೆ ಎರಡು ಹನಿ ಹಾಕಿದರು. ನೆಕ್ಕಿದೆ. ಸಪ್ಪೆ, ನೀರು ಕುಡಿದಂತೆ. ಮರೆತಿರಬೇಕು ಎಂದು ಒಳಗೆ ಅನ್ನಿಸಿದರೂ ಬಾಯಿ ತನ್ನ ಪಾಠ ಒಪ್ಪಿಸಿತು. "ಸರಿಗದೆ ಅಣ್ಣ."

"ಇವತ್ ಉಪ್ಪೇ ಆಕಿಲ್ಲ ಕಣವ್ವ ನಾನು."

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಕಾಲು ಹಿಡಿಯಲು ಬಗ್ಗಿದರೆ ಎತ್ತಿ ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಂಗೆ ನೋವಾಗ್ಬಾರ್ದು ಅಂತ ಅಂದೆ, ಗೊತ್ತು. ಆದ್ರೆ ಉಂಡೋರು ಗಿರಾಕಿಗ್ಳಲ್ವಾ ತಂಗಿ? ಬಾಯ್ ಕೆಟ್ಟು ಎದ್ ಓದೋರು ಅವ್ರಲ್ವಾ?"

ಒಲೆ ಆರಿಸಿದರು. ಆಮೇಲೆ ಅದು ಹತ್ತಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಜಗಲಿಯಲ್ಲಿ ಕೂತಿರುತ್ತಿದ್ದರು. ನನ್ನನ್ನು ಕಂಡರೆ "ಬಾವ್ವ, ಕೂತ್ಕೋ" ಎಂದು ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ಅಡುಗೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಆಡುತ್ತಿದ್ದರು. ಆರು ತಿಂಗಳೂ ತುಂಬಿರಲಿಲ್ಲ, ಒಂದು ಬೆಳಿಗ್ಗೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ.

ಹನ್ನೊಂದನೆಯ ದಿನ ಎಡೆ ಇಡಬೇಕಿತ್ತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಇಡುವುದು ನಮ್ಮ ಕಡೆಯ ಪದ್ಧತಿ. ಅತ್ತಿಗೆ ಬಂದು ನನ್ನ ಕೈ ಹಿಡಿದರು. "ಅವ್ರ ಸೂಪು ನೀನೇ ಮಾಡವ್ವ. ಅದ್ರ ರುಚಿ ಗೊತ್ತಿರೋದು ನಿಂಗೊಬ್ಳಿಗೇ." ಅಣ್ಣನ ನಾಲಗೆಯ ಸುದ್ದಿಯಾಗಲಿ ನನ್ನ ಸುಳ್ಳಾಗಲಿ ಆಕೆಗೆ ಗೊತ್ತಿರಲಿಲ್ಲ.

ಹುರುಳಿ ಬೇಯಿಸಿದೆ, ಕಟ್ಟು ಬಸಿದೆ, ಉಪ್ಪು ಹಾಕಿದೆ. ಅಂಗೈ ಚಾಚಿದಾಗಲೇ ನೆನಪಾದದ್ದು, ಎಡೆಗೆ ಇಡುವ ಮುಂಚೆ ರುಚಿ ನೋಡುವಂತಿಲ್ಲ, ಎಂಜಲಾಗುತ್ತದೆ. ಸರಿಯೋ ತಪ್ಪೋ ತಿಳಿಯದೆ, ಒಲೆಯ ಮುಂದೆ ಸೌಟು ಹಿಡಿದು ನಿಂತೆ. ಎರಡು ವರ್ಷ ಅಣ್ಣ ದಿನಾ ನಿಂತದ್ದು ಹೀಗೆಯೇ. ಸಪ್ಪೆಯಾದೀತೆಂದು ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ.

ಎಡೆ ಮುಗಿದ ಮೇಲೆ ಎಲ್ಲರಿಗೂ ಬಡಿಸಿದೆ. ಆ ವಾಸನೆಯನ್ನೇ ಸಹಿಸದ ಅತ್ತಿಗೆ ಬಟ್ಟಲು ಪೂರ್ತಿ ಕುಡಿದು, "ಚೆಂದಾಗದೆ ಕಣವ್ವ, ಅವ್ರು ಮಾಡ್ದಂಗೇ ಅದೆ" ಎಂದರು. ಪಕ್ಕದವರೂ ತಲೆಯಾಡಿಸಿದರು. ನಾನು ಎರಡು ಹನಿ ಅಂಗೈಗೆ ಹಾಕಿ ನೆಕ್ಕಿದೆ. ಬಾಯಿಗಿಡಲಾಗದಷ್ಟು ಉಪ್ಪು.

ಎದ್ದು ಹೋಗಿ ಫೋಟೋದ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಅಣ್ಣ, ಉಪ್ಪು ಜಾಸ್ತಿ ಅದೆ."

ಫೋಟೋದಲ್ಲೂ ಅವರಿಗೆ ಹುಬ್ಬಿರಲಿಲ್ಲ. ನನ್ನ ಮೇಲೆ ಕೋಪವಿದ್ದರೆ ಅದು ಇಳಿಯಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.