ಒಂದಕ್ಕೆ ಎಲ್ಲರೂ

ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಅವರ ಕಸುಬು. ಹಾಗಾಗಿ ಬೀದಿಯವರಿಗೆಲ್ಲ ಅವರು ಅಕ್ಷರದಣ್ಣ. ಅರ್ಥ ಗೊತ್ತಿಲ್ಲದ ಮಾತಿಗೆ ಅವರು ಉಳಿ ಮುಟ್ಟಿಸುತ್ತಿರಲಿಲ್ಲ. ಕಸುಬು ಹಿಡಿದ ಹೊಸತರಲ್ಲಿ ಯಾರೋ ತಂದೆಯ ಸಮಾಧಿಗೆಂದು ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿದ್ದುದನ್ನು ಚಾಚೂ ತಪ್ಪದೆ ಕೆತ್ತಿಬಿಟ್ಟಿದ್ದರು: ‘ಸದಾ ನಮ್ಮ ನೆನಪಿನಲ್ಲಿ, ಸ್ವಲ್ಪ ದಪ್ಪ ಅಕ್ಷರದಲ್ಲಿ.’ ಆ ಮನೆಯವರು ಮೂರು ವರ್ಷ ಮಾತು ಬಿಟ್ಟರು.

ಒಂದು ದಿನ ದರ್ಜಿಗಳ ಸಂಘದ ಕಾರ್ಯದರ್ಶಿ ಬಂದರು. ಹೊಸ ಕಟ್ಟಡದ ಬಾಗಿಲ ಮೇಲೆ ಮೂರು ಲ್ಯಾಟಿನ್ ಪದ ಬೇಕಿತ್ತು: ಆಡ್ ಊನುಮ್ ಓಮ್ನೇಸ್.

“ಏನು ಇದರರ್ಥ?”

“ಹಳೇ ಪುಸ್ತಕದಲ್ಲಿ ಕಂಡಿದ್ದು. ಕೇಳೋಕೆ ಗಂಭೀರವಾಗಿದೆ, ಸಾಲದಾ?” ಎಂದು ಅವರು ಬಸ್ಸು ಹಿಡಿಯಲು ಓಡಿದರು.

ಅಣ್ಣನ ಹೆಂಡತಿ ಚೀಟಿ ಓದಿ ಮೂಗು ಮುರಿದರು. “ಊನುಮ್ ಅಂತೆ! ಬಟ್ಟೆ ಹೊಲಿಯೋರ ಬಾಗಿಲಲ್ಲೇ ಊನ ಅಂತ ಬರೆಸಿದ್ರೆ ಯಾರ್ರೀ ಅಳತೆ ಕೊಡೋಕೆ ಬರ್ತಾರೆ?”

ಅಣ್ಣ ಗ್ರಂಥಾಲಯಕ್ಕೆ ಹೋಗಿ ನಿಘಂಟು ತೆಗೆದರು. ಊನುಮ್ ಎಂದರೆ ಒಂದು. ಆಡ್ ಎಂದರೆ ‘ಗೆ’ ಅಥವಾ ‘ಕ್ಕೆ’. ಓಮ್ನೇಸ್ ಎಂದರೆ ಎಲ್ಲರೂ. ಮೂರನ್ನೂ ಜೋಡಿಸಿ ಓದಿಕೊಂಡವರೇ ಬೆವೆತುಹೋದರು. ಒಂದಕ್ಕೆ ಎಲ್ಲರೂ!

ಆ ಕಟ್ಟಡದ ಪಕ್ಕದ ಗೋಡೆಯ ಬುಡದಲ್ಲಿ ದಾರಿಹೋಕರು ಒಂದಕ್ಕೆ ನಿಲ್ಲುವುದು ಮೊದಲೇ ಸಂಘಕ್ಕೆ ದೊಡ್ಡ ತಲೆನೋವಾಗಿತ್ತು. ಈಗ ಬಾಗಿಲ ಮೇಲೇ ಆಹ್ವಾನವೇ?

ಹೆಂಡತಿ ತಮ್ಮ ತಂಗಿಗೆ ಹೇಳಿದರು. ತಂಗಿ ಕೋಟು ಹೊಲಿಯುವವಳು, ಸಂಘದ ಸದಸ್ಯೆ. ಸಂಜೆಯೊಳಗೆ ಸುದ್ದಿ ಎಲ್ಲ ಹೊಲಿಗೆ ಯಂತ್ರಗಳನ್ನೂ ಮುಟ್ಟಿತು. ಕಾರ್ಯದರ್ಶಿ ಬೇರೆ ದಾರಿ ಕಾಣದೆ ಭಾನುವಾರ ಸಭೆ ಕರೆದರು. ಅಣ್ಣ, ಎದುರು ಬೀದಿಯ ನಿವೃತ್ತ ಲ್ಯಾಟಿನ್ ಟೀಚರಮ್ಮನ ಕೈಕಾಲು ಹಿಡಿದು ಕರೆತಂದರು.

ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

“ನಮ್ಮ ಮಾನ ಹರಾಜು ಹಾಕ್ತಿದ್ದೀರಾ?” ಎಂದು ಪ್ಯಾಂಟು ಹೊಲಿಯುವವರು ಎದ್ದರು.

“ನನಗೇನು ಗೊತ್ರಪ್ಪಾ! ಪುಸ್ತಕದಲ್ಲಿ ಹಾಗಿತ್ತು!” ಎಂದರು ಕಾರ್ಯದರ್ಶಿ.

ಟೀಚರಮ್ಮ ಕೊಡೆಯಿಂದ ನೆಲ ಕುಟ್ಟಿದರು. “ಒಂದೊಂದೇ ಪದ ಕಿತ್ತು ನೋಡಿದ್ರೆ ಯಾವ ಭಾಷೆಯೂ ಮಾನವಾಗಿರಲ್ಲ. ‘ಬಾಯಿಗೆ ಬಂದ ಹಾಗೆ ಬೈದ’ ಅಂತೀರಲ್ಲ, ಬಾಯಿಗೆ ಏನು ಬಂತು? ಇದೂ ಹಾಗೇ ಒಂದು ನುಡಿಗಟ್ಟು. ಕಟ್ಟಕಡೆಯ ಒಬ್ಬರವರೆಗೆ, ಅಂದ್ರೆ ಒಬ್ಬರೂ ಬಿಡದೆ ಎಲ್ಲರೂ ಅಂತ.” ಆಮೇಲೆ ಸುತ್ತ ನೋಡಿ ಕೇಳಿದರು: “ಇವತ್ತು ಎಷ್ಟು ಜನ ಬಂದಿದ್ದೀರಿ?”

ಕಾರ್ಯದರ್ಶಿ ತಲೆ ಎಣಿಸಿದರು. ಸಂಘದಲ್ಲಿದ್ದವರು ನಲವತ್ತೆರಡು ಜನ. ಯಾವ ಸಭೆಗೂ ಒಂಬತ್ತು ಮಂದಿ ದಾಟಿದ್ದಿಲ್ಲ. ಅಂದು ಸೊಂಟ ಹಿಡಿದು ಮಲಗಿದ್ದ, ಅಂಗಿಗಳಿಗೆ ಗುಂಡಿಮನೆ ಹೊಲಿಯುವ ಅಜ್ಜಿಯೂ ಸೇರಿ ನಲವತ್ತೆರಡೂ ಜನ ಬಂದಿದ್ದರು. ಅಜ್ಜಿಯೇ ಮೊದಲು ನಕ್ಕದ್ದು. “ಜಗಳಕ್ಕಾದ್ರೂ ಒಂದಾದ್ವಲ್ಲ, ಕೆತ್ತಿಸಿ ಅತ್ಲಾಗೆ!”

ಕಲ್ಲು ಏರಿತು. ಪಕ್ಕದ ಗೋಡೆಗೆ ಮಾತ್ರ ಕನ್ನಡದಲ್ಲೇ ಒಂದು ಬೋರ್ಡು ಹಾಕಿದರು.

ಅಣ್ಣನಿಗೆ ಅಲ್ಲಿಂದ ಲ್ಯಾಟಿನ್ ಹುಚ್ಚು ಹಿಡಿಯಿತು. ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಟೀಚರಮ್ಮನ ಮನೆಗೆ ಹೋಗುತ್ತಿದ್ದರು. ಗಂಡಸಿಗೆ ಊನುಸ್, ಹೆಂಗಸಿಗೆ ಊನ, ವಸ್ತುವಿಗೆ ಊನುಮ್. ಕೈಯಲ್ಲಿರುವ ಪತ್ರ ಒಂದೇ ಆದರೂ ಲ್ಯಾಟಿನ್ನಿನಲ್ಲಿ ‘ಪತ್ರ’ ಎಂಬ ಪದ ಬಹುವಚನ, ಆದ್ದರಿಂದ ಅದಕ್ಕೆ ‘ಒಂದುಗಳು’ ಅನ್ನಬೇಕಂತೆ. “ಒಂದು ಅನ್ನೋದಕ್ಕೇ ಇಷ್ಟು ಗೋಳಾದ್ರೆ ನೂರು ಎಣಿಸೋ ಹೊತ್ತಿಗೆ ನಾನಿರ್ತೀನಾ?” ಎಂದು ಗೊಣಗುತ್ತಲೇ ಎರಡು ವರ್ಷ ಕಲಿತರು.

ಆಗ ಟೀಚರಮ್ಮ ತಮ್ಮದೇ ಸಮಾಧಿಯ ಕಲ್ಲಿಗೆ ಚೀಟಿ ಕೊಟ್ಟರು: ಊನ ಎ ಮುಲ್ಟೀಸ್. ಅಣ್ಣ ನಿಘಂಟು ಮುಟ್ಟಲಿಲ್ಲ. “ಹಲವರಲ್ಲಿ ಒಬ್ಬಳು. ಅಂದ್ರೆ, ಸಾಮಾನ್ಯಳು,” ಎಂದರು. ಚೀಟಿ ಕೆಳಗಿಟ್ಟರು. “ಯಾಕಮ್ಮಾ, ಮೈ ಸರಿಯಿಲ್ವಾ?”

“ನನಗೇನಾಗಿದೆ! ಸತ್ತಮೇಲೆ ನಿಮ್ಮ ಕಾಗುಣಿತ ತಿದ್ದೋರು ಯಾರು? ಈಗಲೇ ನೋಡಿಬಿಡ್ತೀನಿ.”

ಕಲ್ಲು ತಯಾರಾಯಿತು. ಟೀಚರಮ್ಮ ಕನ್ನಡಕ ಏರಿಸಿ ಅಕ್ಷರ ಅಕ್ಷರವನ್ನೂ ಬೆರಳಿನಿಂದ ಸವರಿ ನೋಡಿದರು. ತಪ್ಪಿರಲಿಲ್ಲ. ಅದನ್ನು ಹಿತ್ತಲ ಬಾಗಿಲ ಪಕ್ಕ ಒರಗಿಸಿಕೊಂಡು, ಮುಂದಿನ ಹನ್ನೊಂದು ವರ್ಷ ಅದರ ಎದುರೇ ಕೂತು ಚಹಾ ಕುಡಿದರು.